ಬಾವುಟದ ಹಗ್ಗ

ಆಗಸ್ಟ್ 15ರ ಬೆಳಿಗ್ಗೆ ಐದೂವರೆಗೆಲ್ಲ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೆಳಗೆ ಕಾರುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಬಾವುಟ ಮಡಿಸುತ್ತಿರುತ್ತಾರೆ. ಹಿಂದಿನ ಸಂಜೆ ಮಲ್ಲೇಶ್ವರದ ಮಾರ್ಕೆಟ್ಟಿನಿಂದ ತಂದ ಸೇವಂತಿಗೆಯ ಎಸಳು ಬಿಡಿಸಿ, ತಟ್ಟೆಯಲ್ಲಿ ಹರವಿ, ಒದ್ದೆಯೆಲ್ಲ ಆರಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ ಮಡಿಕೆಯೊಳಗೆ ತುಂಬುತ್ತಾರೆ. ಆಮೇಲೆ ಗಂಟು. ಎಳೆಯುವ ತನಕ ಅದು ಬಿಚ್ಚಬಾರದು, ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ಊರಿನ ಶಾಲೆಯಲ್ಲಿ ಪೀಟಿ ಮೇಷ್ಟ್ರು ಕಲಿಸಿಕೊಟ್ಟ ಗಂಟಂತೆ. ಎಂಟೂವರೆಗೆ ನಾವೆಲ್ಲ ಇಳಿದು ಬರುತ್ತೇವೆ. ಸಂಘದ ಅಧ್ಯಕ್ಷರು ಹಗ್ಗ ಎಳೆಯುತ್ತಾರೆ, ಹೂ ಉದುರುತ್ತದೆ, ನಾವು ಫೋನು ಎತ್ತುತ್ತೇವೆ, ರಾಷ್ಟ್ರಗೀತೆ ಮುಗಿಯುತ್ತದೆ. ಬಳಿಕ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ. ವಾಚ್‌ಮನ್‌ಗೆ ಮತ್ತು ಮೆಟ್ಟಿಲು ಗುಡಿಸುವ ಹೆಂಗಸಿಗೆ ಪೇಪರ್ ಕಪ್ಪಿನಲ್ಲಿ ಕಾಫಿ. ಹೀಗೇ ಆಗಬೇಕೆಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಅದು ತಾನಾಗಿ ಹಾಗಾಗಿಬಿಡುತ್ತದೆ.

ಹೋದ ವರ್ಷ ಆ ಎಸಳುಗಳನ್ನು ಗುಡಿಸುತ್ತಿದ್ದ ವಾಚ್‌ಮನ್ ಅವರನ್ನು ಸುಮ್ಮನೆ ಮಾತಿಗೆಳೆದೆ. ಯಾದಗಿರಿ ಕಡೆಯವರು. "ನಮ್ಮ ಕಡೆ ಸೆಪ್ಟೆಂಬರ್ ಹದಿನೇಳಕ್ಕೂ ಝಂಡಾ ಏರಸ್ತಾರ್ರೀ ಸರ. ಸಾಲಿಯೊಳಗ ಎರಡು ಸಲ ಪೇಡೆ ಸಿಗ್ತಿತ್ತು" ಎಂದು ನಕ್ಕರು.

ಆ ಎರಡನೆಯ ಪೇಡೆಯ ಲೆಕ್ಕ ನನ್ನನ್ನು ಒಂದು ವರ್ಷದಿಂದ ಬಿಟ್ಟಿಲ್ಲ. ಅದಕ್ಕೇ ನಿಮ್ಮ ಜೊತೆ ಮಾತಾಡಬೇಕೆನಿಸಿದೆ. ಜಗಳಕ್ಕಲ್ಲ. ನೀವು ಒಳ್ಳೆಯವರು, ಕುಮಾರ ಪಾರ್ಕಿನಲ್ಲಿ, ಶೇಷಾದ್ರಿಪುರದಲ್ಲಿ, ಮಲ್ಲೇಶ್ವರದಲ್ಲಿ ನಿಮ್ಮ ಪಕ್ಕದಲ್ಲೇ ಇಷ್ಟು ವರ್ಷ ಬಾಳಿದವನಿಗೆ ಅಷ್ಟು ತಿಳಿಯದೆ ಇರುತ್ತದೆಯೇ? ಪಕ್ಕದ ಮನೆಯವರಿಗೆ ಎದೆನೋವು ಬಂದರೆ ನಡುರಾತ್ರಿ ಕಾರು ತೆಗೆಯುವವರು ನೀವು. ಹಾಗಾಗಿಯೇ ಹೇಳುವ ಧೈರ್ಯ.

ನಾವು ಸ್ವಾತಂತ್ರ್ಯ ಬಂದ ದಿನ ಎಂದು ಒಂದು ದಿನವನ್ನು ಆಚರಿಸುತ್ತೇವೆ. ಅದು ಒಂದೇ ದಿನ ಎಲ್ಲರ ಮನೆಗೂ ಬರಲಿಲ್ಲ. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಏರಿದಾಗ ಯಾದಗಿರಿ, ರಾಯಚೂರು, ಬೀದರ್, ಕಲಬುರಗಿ ಎಲ್ಲ ನಿಜಾಮರ ಕೈಯಲ್ಲಿದ್ದವು. ನಿಜಾಮರ ಬೆಂಬಲಕ್ಕಿದ್ದ ರಜಾಕಾರರ ಪಡೆಗೆ ಹೆದರಿ ಊರು ಬಿಟ್ಟವರು ಸೊಲ್ಲಾಪುರದ ಕಡೆಗೋ ಬಳ್ಳಾರಿಯ ಕಡೆಗೋ ಗಂಟುಮೂಟೆ ಹೊತ್ತು ನಡೆದರು. ಅವರ ಪಾಲಿನ ಸ್ವಾತಂತ್ರ್ಯ ಬರಲು 1948ರ ಸೆಪ್ಟೆಂಬರ್ 17 ಆಗಬೇಕಾಯಿತು. ಹದಿಮೂರು ತಿಂಗಳು. ಅವರದ್ದಿರಲಿ, ನಮ್ಮದೇ ನೋಡಿ. ಆಗಸ್ಟ್ 15ರಂದು ಬೆಂಗಳೂರಿನಲ್ಲೂ ಬಾವುಟ ಹಾರಿತು, ಆದರೆ ಆಳ್ವಿಕೆ ಅರಮನೆಯದೇ, ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೇ. ಬಿಳಿಯರು ಹೋದರು, ಸರ್ಕಾರ ಮಾತ್ರ ಜನರದಾಗಲಿಲ್ಲ. ಜನರ ಸರ್ಕಾರ ಬೇಕೆಂದು ಸೆಪ್ಟೆಂಬರ್ 1ರಂದು ಮೈಸೂರು ಚಲೋ ಚಳವಳಿ ಶುರುವಾಯಿತು. "ಆರ್ಕಾಟ್ ಬಾಯ್ಕಾಟ್" ಎಂದು ಹುಡುಗರು ಕೂಗುತ್ತ ಬೀದಿಗೆ ಬಂದರು, ಜೈಲುಗಳು ತುಂಬಿದವು, ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಿದ್ದ. ಅವನು ಸತ್ತದ್ದು ಸ್ವತಂತ್ರ ಭಾರತದಲ್ಲಿ. ಮೈಸೂರಿಗೆ ಹೋದಾಗ ನೀವು ರಾಮಸ್ವಾಮಿ ಸರ್ಕಲ್ ದಾಟಿರುತ್ತೀರಿ. ಆ ಹೆಸರು ಅವನದು. ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗಲಷ್ಟೇ ಮೈಸೂರು ಸೀಮೆಯವರ ಪಾಲಿನದು ಕೈಗೆ ಬಂತು. ಬೀದಿಗಿಳಿದು ಸದ್ದು ಮಾಡಿದ್ದಕ್ಕೆ ಬಂತು.

ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಆ ಬೆಳಿಗ್ಗೆ ಒಂದೇ ಬಾವುಟದಡಿ ನಿಂತ ನಮ್ಮ ನಮ್ಮ ಅಜ್ಜಂದಿರಿಗೆ ಸ್ವಾತಂತ್ರ್ಯ ಬಂದ ತಾರೀಖೇ ಬೇರೆ ಬೇರೆ. ಬೆಂಗಳೂರಿಗೆ ಕಾವೇರಿ ನೀರು ಬರುವುದೂ ಹೀಗೇ ಅಲ್ಲವೇ? ಒಂದು ಬೀದಿಗೆ ಇವತ್ತು, ಇನ್ನೊಂದಕ್ಕೆ ನಾಳಿದ್ದು, ಕೊಳವೆಯ ಕೊನೆಯಲ್ಲಿರುವವರಿಗೆ ಯಾವಾಗಲೋ, ಎಷ್ಟೋ. ವಾಲ್ವ್‌ಮನ್ ಬಂದು ತಿರುಗಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಸಂಪು ತುಂಬಿ ದಶಕಗಳಾದವು. ತುಂಬಿದ ಸಂಪಿನ ಮನೆಯವರಿಗೆ ನೀರು ಬಿಟ್ಟ ದಿನ ನೆನಪಿರುವುದಿಲ್ಲ. ಕೊಡ ಹಿಡಿದು ಕಾದವರಿಗೆ ಗಂಟೆ ನಿಮಿಷ ಸಮೇತ ನೆನಪಿರುತ್ತದೆ. ನಿಮಗಿದು ಗೊತ್ತಿಲ್ಲದ್ದೇನಲ್ಲ.

ಒಂದು ಭಾನುವಾರ ನನ್ನೊಡನೆ ನಡೆದು ಬನ್ನಿ. ಗಾಂಧಿ ಭವನದ ಮುಂದಿನಿಂದ ಹೊರಟರೆ ಸಾಕು, ಇಪ್ಪತ್ತು, ಇಪ್ಪತ್ತೈದು ನಿಮಿಷದ ದಾರಿ. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ನಂದಿ ಬೆಟ್ಟದಲ್ಲಿ ಸುಧಾರಿಸಿಕೊಂಡು ಜೂನ್‌ನಿಂದ ಆಗಸ್ಟ್‌ವರೆಗೆ ಇದ್ದದ್ದು ಇದೇ ಕುಮಾರ ಪಾರ್ಕಿನಲ್ಲಿ. ಆ ತಿಂಗಳುಗಳ ಅವರ ಕಾಗದಗಳ ತಲೆಯಲ್ಲಿ "ಕುಮಾರ ಪಾರ್ಕ್, ಬೆಂಗಳೂರು" ಎಂದೇ ಇದೆ. ನಮ್ಮ ವಿಳಾಸವೇ. ಚಿತ್ರಕಲಾ ಪರಿಷತ್ತು ದಾಟಿ, ಶಿವಾನಂದ ಸರ್ಕಲ್ಲಿನ ಉಕ್ಕಿನ ಸೇತುವೆಯ ಕೆಳಗೆ ಹಾದು, ರೇಸ್ ಕೋರ್ಸ್ ರಸ್ತೆ ಹಿಡಿದರೆ ಮೌರ್ಯ ಸರ್ಕಲ್ಲಿನಲ್ಲಿ ಗಾಂಧೀಜಿಯ ಪ್ರತಿಮೆ. ಮೊದಲೆಲ್ಲ ಅದರ ಕಾಲ ಬುಡದಲ್ಲಿ ಧರಣಿ ಕೂರುತ್ತಿದ್ದರು. ಇನ್ನು ಸ್ವಲ್ಪ ಮುಂದೆ ಹೋಗಿ, ಶೇಷಾದ್ರಿ ರಸ್ತೆಯಲ್ಲಿ ಎತ್ತರದ ಕಲ್ಲುಗೋಡೆ. ಹತ್ತೊಂಬತ್ತನೇ ಶತಮಾನದಿಂದ ಅದು ಸೆಂಟ್ರಲ್ ಜೈಲ್. 2008ರಿಂದ ಫ್ರೀಡಂ ಪಾರ್ಕ್.

ಒಳಗೆ ಹೋಗಿ. ಬೆಳಗಿನ ಹೊತ್ತು ವಾಕಿಂಗ್‌ನವರು ಇರುತ್ತಾರೆ, ಕಾವಲು ಗೋಪುರದ ನೆರಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ಕೂತಿರುತ್ತಾರೆ. ಅವರನ್ನು ಎಬ್ಬಿಸಬೇಡಿ, ಜೈಲಿನ ಅಂಗಳದಲ್ಲಿ ಇಬ್ಬರು ಹೆದರಿಕೆಯಿಲ್ಲದೆ ಕೂತು ಕಡ್ಲೆಕಾಯಿ ತಿನ್ನುವುದೂ ಸ್ವಾತಂತ್ರ್ಯವೇ, ನನ್ನ ಮಟ್ಟಿಗೆ ಭಾಷಣಕ್ಕಿಂತ ದೊಡ್ಡದು. ಉಳಿಸಿಕೊಂಡಿರುವ ಸೆಲ್ಲುಗಳ ಹತ್ತಿರ ನಿಂತು, ಒಬ್ಬ ಹೆಂಗಸನ್ನು ನೆನೆಯಿರಿ. "ಸಂಸ್ಕಾರ" ಸಿನಿಮಾದ ಚಂದ್ರಿ ನಿಮಗೆ ನೆನಪಿರಬೇಕು. ಆ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 2ರಂದು ಬಂಧಿಸಿ ಈ ಜೈಲಿನಲ್ಲಿಟ್ಟರು. ಮೊದಲು ಒಂದು ಮೊಕದ್ದಮೆಯಲ್ಲಿ ಹೆಸರು ಎಳೆದರು, ಕೊನೆಯ ಆರೋಪಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ, ವಿಚಾರಣೆಯಿಲ್ಲದೆ ಹಿಡಿದಿಡಲು ಮೀಸಾ ಕಾಯ್ದೆ ಇತ್ತಲ್ಲ. ಅವರಿಗೆ ಕಡು ಉಬ್ಬಸ. ಮೂಲೆಯ ತೂತೇ ಕಕ್ಕಸಾದ ಕೋಣೆ. ಅದೇ ಜೈಲಿನ ಇನ್ನೊಂದು ಕಡೆ ಬಂಧಿಯಾಗಿದ್ದ ಮಧು ದಂಡವತೆಯವರು ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ತಮಗೆ ಕೇಳಿಸುತ್ತಿತ್ತು ಎಂದು ಬರೆದಿದ್ದಾರೆ. ಆ ನೋವಿನ ನಡುವೆಯೂ ಆಕೆ ಮಾಡಿದ್ದು, ತನ್ನ ಜೊತೆಗಿದ್ದ ಬಡ ಹೆಂಗಸರನ್ನು ಹೊಡೆಯುವುದರ ವಿರುದ್ಧ ದನಿ ಎತ್ತಿದ್ದು, ಅವರಿಗೆ ಹಾಡು ಆಟ ಕಲಿಸಿದ್ದು, ಉಪವಾಸ ಕೂತದ್ದು. ಎಂಟು ತಿಂಗಳ ಮೇಲೆ, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. 20ರಂದು ತೀರಿಕೊಂಡರು. ಹೊರಗೆ ಬಂದು ಉಸಿರಾಡಿದ್ದು ಐದು ದಿನ.

ಗೋಡೆಯ ಈಚೆ ಆಗಲೂ ನಾವಿದ್ದೆವು. ಮೆಜೆಸ್ಟಿಕ್ಕಿನಲ್ಲಿ ಸಿನಿಮಾ ನೋಡಿದೆವು, ಬಸ್ಸುಗಳು ವೇಳೆಗೆ ಸರಿಯಾಗಿ ಬರುತ್ತಿವೆ ಎಂದು ಮೆಚ್ಚಿದೆವು. ನಾನೂ ಮೆಚ್ಚಿದ್ದೆ. ಆಗ ಇಪ್ಪತ್ತರ ಆಸುಪಾಸು, ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಆದರೆ ಪಿಸುಮಾತಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಆಕೆಯನ್ನು ಹಿಡಿಯುವ ನಾಲ್ಕು ದಿನ ಮೊದಲು, ಏಪ್ರಿಲ್ 28ರಂದು, ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿ ಇರುವ ತನಕ ಬಂಧನವನ್ನು ಪ್ರಶ್ನಿಸಿ ಹೇಬಿಯಸ್ ಕಾರ್ಪಸ್ ಕೇಳಿ ಕೋರ್ಟಿಗೆ ಬರುವ ಹಕ್ಕೇ ಯಾರಿಗೂ ಇಲ್ಲವೆಂದು ತೀರ್ಪು ಕೊಟ್ಟಿದ್ದರು. ಎಚ್.ಆರ್. ಖನ್ನಾ ಒಬ್ಬರೇ ಒಲ್ಲೆನೆಂದವರು. ಆ ತೀರ್ಪು ತಪ್ಪೆಂದು ಅದೇ ಕೋರ್ಟು ಹೇಳಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಪ್ರಕರಣದಲ್ಲಿ. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. ಅವರೂ ಮನೆಯಲ್ಲಿ ಕೂತು ಪೇಪರ್ ಓದಿಕೊಂಡು ಇದ್ದುಬಿಡಬಹುದಿತ್ತು. ಇವತ್ತು ನೀವು ಬಾಗಿಲು ಹಾಕಿಕೊಂಡು ಮನೆಯೊಳಗೆ ನಿಮ್ಮ ಪಾಡಿಗೆ ನೀವಿರುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಎದೆ ತಟ್ಟಿ ಹೇಳಬಹುದಾದರೆ, ಅದರಲ್ಲಿ ಬೆಂಗಳೂರಿನ ಈ ಮುದುಕರ ಪಾಲಿದೆ.

ಜೈಲು ಊರಾಚೆ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಕೂಗು ಈಗ ಯಾರಿಗೂ ಕೇಳಿಸದಷ್ಟು ದೂರ. ಈ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ಇನ್ನೂ ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗಳು. ಅವರಲ್ಲಿ ಜಾಮೀನು ಸಿಕ್ಕಿಯೂ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿದವರಿದ್ದಾರೆ. ಕೋರ್ಟು ಬಾಗಿಲು ತೆರೆದರೂ ಹೊಸಿಲು ದಾಟಿಸಲು ಪಹಣಿ ಇರುವ ಒಬ್ಬ ಮನುಷ್ಯ ಬೇಕು. ನಮ್ಮ ಮಕ್ಕಳಿಗೆ ಹಾಗಾಗಿದ್ದರೆ ನಾವು ಒಂದು ರಾತ್ರಿ ನಿದ್ದೆ ಮಾಡುತ್ತಿದ್ದೆವೇ? ಹೇಳಿ. ನಿಮಗಿದು ಗೊತ್ತಿಲ್ಲದ್ದೇನಲ್ಲ.

ಈಗ ಅದೇ ಗೋಡೆಯ ಪಕ್ಕ ಇನ್ನೊಂದು ಕೂಗಿದೆ, ಅದು ನಿಮಗೆ ಚೆನ್ನಾಗಿ ಕೇಳಿಸುತ್ತದೆ, ಯಾಕೆಂದರೆ ಅದರಿಂದ ನಿಮ್ಮ ಕಾರು ಆನಂದರಾವ್ ಸರ್ಕಲ್ಲಿನಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. 2021ರ ಆದೇಶದ ಮೇಲೆ ಬೆಂಗಳೂರು ನಗರದಲ್ಲಿ ಪ್ರತಿಭಟನೆ ಮಾಡುವವರಿಗೆ ಉಳಿದದ್ದು ಫ್ರೀಡಂ ಪಾರ್ಕ್ ಒಂದೇ. ಕೋಟಿಗೂ ಮೀರಿದ ಜನರ ಊರು, ಆರು ಕೋಟಿ ದಾಟಿದ ನಾಡಿನ ರಾಜಧಾನಿ; ನೊಂದವರು ಬಾಯಿ ತೆರೆಯಲು ಒಂದು ಹಳೆಯ ಜೈಲಿನ ಅಂಗಳ. 2022ರ ಜುಲೈ ಮೊದಲ ದಿನಗಳಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೆಲಸ ಕಾಯಂ ಮಾಡಿ ಎಂದು ಕೂತದ್ದು ಇಲ್ಲೇ. ನಿಮ್ಮ ಬೀದಿಯಲ್ಲಿ ಎರಡು ದಿನ ಕಸ ಬಿದ್ದಾಗ ನೀವು ಮೂಗು ಮುಚ್ಚಿಕೊಂಡಿರಲ್ಲ, ಆ ದಿನಗಳು. 2025ರ ಜನವರಿ 7ರಿಂದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ರಾತ್ರಿ ಹಗಲು ಕೂತರು. ಬಸುರಿ ಬಾಣಂತಿಯರ ಪುಸ್ತಕ ಹಿಡಿದು ಮನೆ ಮನೆ ಅಲೆಯುವವರು, ಕೊರೊನಾ ಕಾಲದಲ್ಲಿ ನಾವು ಕಿಟಕಿಯಿಂದ ತಟ್ಟೆ ಬಡಿದು ಹೊಗಳಿದವರು. ಅವರು ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ನಾಲ್ಕನೆಯ ದಿನ 10,000 ಖಾತರಿ ಎಂಬ ಭರವಸೆ ಪಡೆದು ಎದ್ದರು.

ಅಂಥ ಒಂದು ಧರಣಿಯ ಮಧ್ಯಾಹ್ನ ನಾನು ಅಲ್ಲಿ ನಿಂತಿದ್ದೆ. ಕಬ್ಬಿಣದ ಕಂಬಿಯ ಮೇಲೆ ಒಣಗಲು ಹಾಕಿದ ಸೀರೆ, ಕೆಳಗೆ ಬ್ಯಾನರನ್ನೇ ಚಾಪೆ ಮಾಡಿಕೊಂಡು ಮಲಗಿದ ಒಂದು ಕೂಸು, ಅದರ ತಾಯಿ ಮುಚ್ಚಳದಲ್ಲಿ ಚಿತ್ರಾನ್ನ ಹಾಕಿಕೊಂಡು ಪಕ್ಕದವಳಿಗೆ ಡಬ್ಬಿ ದಾಟಿಸುತ್ತಿದ್ದಾಳೆ. ರಸ್ತೆಯಲ್ಲಿ ಹಾರ್ನ್. ಒಂದು ಕಾರಿನ ಕಿಟಕಿ ಇಳಿಯಿತು. "ಇವರಿಗೆ ಬೇರೆ ಕೆಲಸ ಇಲ್ಲ" ಎಂದರು ಒಬ್ಬರು, ನನ್ನ ಪರಿಚಯದವರೇ, ಒಳ್ಳೆಯ ಮನುಷ್ಯ. ನಾನು ಏನೂ ಹೇಳಲಿಲ್ಲ, ನಕ್ಕೆ. ಆ ನಗೆಗೆ ಇವತ್ತಿಗೂ ನಾಚುತ್ತೇನೆ. ಅವರಿಗೆ ಬೇರೆ ಕೆಲಸವಿತ್ತು, ಮಾಡಿ ಬಂದಿದ್ದರು, ಅದರ ಕೂಲಿ ಕೇಳುತ್ತಿದ್ದರು. ಆ ಹೊತ್ತಿಗೆ ಬೇರೆ ಕೆಲಸ ಇಲ್ಲದವನು ನಾನೇ.

ಅವರು ಅಲ್ಲಿ ಕೂತದ್ದು ತೊಂದರೆ ಎಂದು ನೀವು ಹೇಳುವಾಗ, 1947ರ ಸೆಪ್ಟೆಂಬರಿನಲ್ಲಿ ಇದೇ ಬೆಂಗಳೂರಿನ ರಸ್ತೆಗಳಲ್ಲಿ ಕೂಗಿದ ಹುಡುಗರೂ ಯಾರಿಗೋ ತೊಂದರೆಯೇ ಆಗಿದ್ದರು ಎಂಬುದನ್ನು ನೆನೆಯಿರಿ. ಆ ತೊಂದರೆಯ ಫಲವನ್ನೇ ನಾವು ಪೆನ್ಷನ್ನಿನ ಹಾಗೆ ತಿಂಗಳು ತಿಂಗಳೂ ಉಣ್ಣುತ್ತಿದ್ದೇವೆ. ಎಚ್.ಎಸ್. ದೊರೆಸ್ವಾಮಿಯವರನ್ನು ನೀವು ನೋಡಿರುತ್ತೀರಿ, ಬಿಳಿ ಖಾದಿ, ಸಣಕಲು ಮೈ. 1942ರ ಚಳವಳಿಯಲ್ಲಿ ಈ ಗೋಡೆಯೊಳಗೆ ಹದಿನಾಲ್ಕು ತಿಂಗಳು ಇದ್ದವರು, ತುರ್ತು ಪರಿಸ್ಥಿತಿಯಲ್ಲಿ ಪ್ರಧಾನಿಗೇ ಕಾಗದ ಬರೆದು ಸ್ವತಂತ್ರ ದೇಶದಲ್ಲೂ ಜೈಲು ಕಂಡವರು, ನೂರು ದಾಟಿದ ಮೇಲೂ ಭೂಮಿ ಕಳೆದುಕೊಂಡವರ ಜೊತೆ ಇದೇ ಪಾರ್ಕಿಗೆ ಬಂದು ಕೂತವರು. ನಮ್ಮ ಕಸವನ್ನೆಲ್ಲ ಮಂಡೂರಿನ ಮೇಲೆ ಸುರಿದು ನಾವು ಮರೆತಿದ್ದಾಗ ಆ ಊರಿನವರ ಪಕ್ಕದಲ್ಲಿ ನಿಂತವರು. 2021ರ ಮೇ 26ರಂದು ಹೋದರು. ಅವರ ಜಾಗ ಖಾಲಿ ಇದೆ. ಅದು ದೊಡ್ಡ ಜಾಗವೇನಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿಯಷ್ಟು.

ಮತದ ಮಾತು ಎತ್ತಲೇ? 2024ರ ಏಪ್ರಿಲ್ 26, ಶುಕ್ರವಾರ. ಬೆಂಗಳೂರಿನ ಮೂರು ಲೋಕಸಭಾ ಕ್ಷೇತ್ರಗಳಲ್ಲಿ ಮತ ಹಾಕಿದವರು ನೂರಕ್ಕೆ 54ರ ಆಸುಪಾಸು. ಅದೇ ದಿನ, ಅದೇ ಬಿಸಿಲಿನಲ್ಲಿ, ಮಂಡ್ಯದಲ್ಲಿ 81ರ ಮೇಲೆ. ಉಳಿದ ನಮ್ಮವರಲ್ಲಿ ಎಷ್ಟೋ ಮಂದಿ ಮೂರು ದಿನದ ರಜೆ ಸಿಕ್ಕಿತೆಂದು ಹೋಮ್‌ಸ್ಟೇ ಹಿಡಿದಿದ್ದರು. ಇನ್ನು ಪಾಲಿಕೆ. 2015ರಲ್ಲಿ ಮತ ಹಾಕಿದ್ದೆವು, 2020ರ ಸೆಪ್ಟೆಂಬರಿನಲ್ಲಿ ಆ ಕೌನ್ಸಿಲಿನ ಅವಧಿ ಮುಗಿಯಿತು, ಆಮೇಲೆ ಐದು ವರ್ಷ ಪೂರ್ತಿ ಈ ಮಹಾನಗರ ಒಬ್ಬ ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆಯಿತು. ನಿಮಗೆ ಅದರಿಂದ ಏನೂ ಅನ್ನಿಸಲಿಲ್ಲ, ಯಾಕೆಂದರೆ ನಿಮ್ಮ ಫೋನಿನಲ್ಲಿ ಇಂಜಿನಿಯರರ ನಂಬರ್ ಇದೆ. ಗಾಡಿ ಎತ್ತಿಕೊಂಡು ಹೋದರೆ ಯಾರ ಮನೆಯ ಮುಂದೆ ನಿಲ್ಲಬೇಕೆಂದು ತಿಳಿಯದೆ ಕೂತವಳು ಸೊಪ್ಪಿನ ಗಾಡಿಯವಳು. ಮೈಸೂರಿನ ಆ ಹುಡುಗ ಪ್ರಾಣ ಕೊಟ್ಟು ಕೇಳಿದ್ದು ಇದನ್ನೇ, ನಮ್ಮನ್ನು ಆಳುವವರನ್ನು ನಾವು ಆರಿಸುತ್ತೇವೆ ಎಂದು. ನಮ್ಮ ಕೈಯಿಂದ ಐದು ವರ್ಷ ಅದು ಜಾರಿಹೋದದ್ದು ಮನೆಯೊಳಗೆ ಯಾರಿಗೂ ಗೊತ್ತೇ ಆಗಲಿಲ್ಲ.

ಮನೆಯೊಳಗೆ ಅಂದೆನಲ್ಲ, ಅಲ್ಲಿಗೇ ಬರೋಣ. ನನಗೆ ಹೇಳಲು ಕಷ್ಟವಾಗುವುದೂ ಅಲ್ಲಿಯದೇ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಬೆಳಿಗ್ಗೆ ಆರಕ್ಕೆ ಬಂದರೆ ಆರು ಮನೆ ಮುಗಿಸಿ ಎರಡಕ್ಕೆ ಹೊರಡುತ್ತಾಳೆ. ಈ ಸುತ್ತಿನ ಕೆಲವು ಕಟ್ಟಡಗಳಲ್ಲಿ ಆಕೆಯಂಥವರು ಮುಖ್ಯ ಲಿಫ್ಟು ಹತ್ತಬಾರದು. ಅಂಟಿಸಿದ ಚೀಟಿಯಲ್ಲಿ ಸಭ್ಯ ಭಾಷೆಯಲ್ಲೇ ಬರೆದಿದೆ. ನಮ್ಮ ಸೋಫಾ ಒರೆಸುತ್ತಾಳೆ, ಕೂರುವುದಿಲ್ಲ. ಒಮ್ಮೆ ಜ್ವರದಲ್ಲಿ ತಲೆ ಸುತ್ತಿ ಬಂದಾಗಲೂ ಅಡಿಗೆಮನೆಯ ನೆಲವನ್ನೇ ಹುಡುಕಿಕೊಂಡಳು. ಮೇಲೆ ಕೂರುವುದು ಬೇಡವೆಂದು ನಾವು ಯಾವತ್ತೂ ಅಂದಿಲ್ಲ, ಕೂರು ಎಂದು ಹೇಳಿಯೂ ಇಲ್ಲ. ಬೇಡವೆನ್ನದೆಯೂ ಬೇಲಿ ಹಾಕಲು ಬರುತ್ತದೆ, ನಮಗೆ ಅದು ಎಳವೆಯಿಂದ ಕರಗತ. ಆಗಸ್ಟ್ 15ರಂದು ನಮ್ಮೆಲ್ಲರಿಗೂ ರಜೆ. ಆ ದಿನ ಆಕೆಗೆ ಪಾತ್ರೆ ಹೆಚ್ಚು, ಎಲ್ಲರ ಮನೆಯಲ್ಲೂ ಒಬ್ಬಟ್ಟೋ ಪಾಯಸವೋ. ಆಕೆಯ ಸ್ವಾತಂತ್ರ್ಯ ದಿನ ಯಾವ ತಾರೀಖಿಗೆ? ಅದನ್ನು ದೆಹಲಿ ತೀರ್ಮಾನಿಸಬೇಕಾಗಿಲ್ಲ, ಅರಮನೆಗೆ ಮುತ್ತಿಗೆ ಹಾಕಬೇಕಾಗಿಲ್ಲ. ಆ ವಾಲ್ವು ನಿಮ್ಮ ಕೈಗೆ ಎಟಕುವಷ್ಟು ಹತ್ತಿರದಲ್ಲಿದೆ. ತಿಂಗಳಿಗೆ ನಾಲ್ಕು ರಜೆ, ಸಂಬಳ ಹಿಡಿಯದೆ. ಲಿಫ್ಟಿನ ಚೀಟಿ ಕೀಳುವುದು. ನಿಮ್ಮ ಲೋಟದಂಥದೇ ಒಂದು ಲೋಟ. ಹೊರಡುವಾಗ ಕೈಚೀಲ ಬಿಚ್ಚಿ ತೋರಿಸು ಎನ್ನದಿರುವುದು. ಇಷ್ಟಕ್ಕೆ ಯಾವ ಸಂಪೂ ಬತ್ತುವುದಿಲ್ಲ.

ನಿಮ್ಮ ಮೇಲೆ ಕೋಪವಿಲ್ಲ, ನನ್ನನ್ನು ಸೇರಿಸಿಯೇ ಹೇಳುತ್ತಿದ್ದೇನೆ. ಯಾರಿಗೂ ಹೆದರದೆ ಪೇಪರ್ ಓದಿ ಮಂತ್ರಿಯನ್ನು ಬೈಯುವ, ಮಗಳನ್ನು ಅವಳಿಗೆ ಇಷ್ಟವಾದ ಓದಿಗೆ ಕಳಿಸುವ, ರಾತ್ರಿ ಬಾಗಿಲು ತಟ್ಟಿದರೆ ಸ್ವಿಗ್ಗಿ ಹುಡುಗನೇ ಇರಬೇಕು, ಪೊಲೀಸರಲ್ಲ ಎಂದು ಎದ್ದು ಹೋಗಿ ತೆರೆಯುವ ಈ ನಿರಾಳ ನಮಗೆ ಯಾರೋ ಉಸಿರು ಕಟ್ಟಿ ಗಳಿಸಿಕೊಟ್ಟದ್ದು. ಅದನ್ನು ಬೀಗ ಹಾಕಿ ಇಟ್ಟುಕೊಳ್ಳಬೇಡಿ. ಕಾರು ನಿಂತಾಗ ಕಿಟಕಿ ಇಳಿಸಿ, ಯಾಕೆ ಕೂತಿದ್ದೀರಿ ತಾಯಿ ಎಂದು ಒಂದು ಮಾತು ಕೇಳಿ. ಮುಂದಿನ ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಲ್ಲಿ, ಪಾತ್ರೆಯಾಕೆಯನ್ನೂ ಕೆಲಸ ಬಿಡಿಸಿ ಕಳಿಸಿ.

ಬರುವ ಆಗಸ್ಟ್ 15ರಂದು ಐದೂವರೆಗೇ ಕೆಳಗಿಳಿದು ಬನ್ನಿ, ಎಸಳು ಬಿಡಿಸಲು ಒಂದು ಕೈ ಕೊಡಿ. ಎಂಟೂವರೆಗೆ ಹಗ್ಗವನ್ನು ಗಂಟು ಹಾಕಿದವರ ಕೈಗೇ ಕೊಡಿ. ಸೆಪ್ಟೆಂಬರ್ 17ಕ್ಕೆ ಅವರು ಊರಿಗೆ ಹೋಗಿಬರುತ್ತೇನೆ ಎಂದರೆ ಸಂಬಳ ಕಡಿಯದೆ ಕಳಿಸಿಕೊಡಿ, ಎರಡು ದಿನ ಗೇಟು ನಾವೇ ನೋಡಿಕೊಳ್ಳೋಣ. ಯಾದಗಿರಿಗೆ ರಾತ್ರಿ ರೈಲಿದೆ.